ಮೂರನೇ ಗೇರು

ಅಡುಗೆಮನೆ ಮೇಜಿನ ಮೇಲೆ
ಹಳೇ ಕ್ಯಾಲೆಂಡರಿನ ಬೆನ್ನಿಗೆ ಅನ್ಸೆಲ್ಮೊ
ಸ್ಕೇಲಿಟ್ಟು ಮೂರು ಅಂಕಣ ಎಳೆದಿದ್ದಾನೆ.
ಮೂವತ್ತು ವರ್ಷ ಉಣ್ಣೆಯ ಮೂಟೆ ತೂಗಿದ ಕೈ,
ಒಂದು ಗ್ರಾಮು ಆಚೀಚೆ ಆಗಗೊಡದು.

ರಿಯೊ ಗಾಯೆಗೋಸ್‌ನಿಂದ ಉಮಾವಾಕಾಕ್ಕೆ.
ದೇಶದ ಹಿಮ್ಮಡಿಯಿಂದ ನೆತ್ತಿಗೆ.
ಅಲ್ಲಿ ಅವನ ತಂಗಿ ಎವುಲಾಲಿಯಾಗೆ
ಅರವತ್ತೊಂದಕ್ಕೆ ಮದುವೆ.

ವಿಮಾನ: ಒಂದೇ ಹಗಲು.
ಎರಡು ತಿಂಗಳ ಪಿಂಚಣಿ ಮಂಗಮಾಯ.
ಬಸ್ಸು: ಮೂರು ಹಗಲು, ಎರಡು ಕಡೆ ಇಳಿದು ಹತ್ತು,
ತಣ್ಣನೆ ಕೋಳಿ ಅನ್ನ,
ಪಕ್ಕದವರ ಗೊರಕೆ ಬಿಟ್ಟಿ.
ಕಾರು, ನಮ್ಮ ರೆನೊ, ಎಪ್ಪತ್ತೊಂಬತ್ತನೇ ಇಸವಿಯದು:
ಐದು ರಾತ್ರಿ, ಐದು ಗೊತ್ತಿಲ್ಲದ ಹಾಸಿಗೆ,
ತೆಗೆದ ಬಾಗಿಲನ್ನು ಕಿತ್ತೊಯ್ಯುವ ಗಾಳಿಯ ಬಯಲು,
ಬಂಕಿನಿಂದ ಬಂಕಿಗೆ ಜೀವ ಅಂಗೈಯಲ್ಲಿ,
ಮತ್ತೆ ಆ ಮೂರನೇ ಗೇರು,
ಹಾಕಿದರೆ ನಿಲ್ಲದೆ ಜಾರಿ ಬೀಳುವಂಥದು.

ಕೂಡಿದ. ಕಳೆದ. ಕಾರು ಎಲ್ಲದರಲ್ಲೂ ಸೋತಿತು.
‘ಬಸ್ಸೇ ಸರಿ ನೆಲಿದಾ’ ಎಂದ
ಪೆನ್ಸಿಲು ಕಿವಿಗೆ ಸಿಕ್ಕಿಸಿ.

ಹೂಂ ಅಂದೆ.
ಅವನ ಉಗುರಿನ ಸಂದಿಯಲ್ಲಿ ಗ್ರೀಸು.
ನಿನ್ನೆ ಹನ್ನೊಂದಾದರೂ
ಶೆಡ್ಡಿನ ದೀಪ ಆರಿರಲಿಲ್ಲ.

ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿ ಮಲಗಿಬಿಡುತ್ತಾನೆ,
ವಿಮಾನದಲ್ಲಿ ಹೆದರಿ ಕಣ್ಣು ಮುಚ್ಚುತ್ತಾನೆ.
ಕಾರಿನಲ್ಲಾದರೆ
ಗಾಳಿ ಎದ್ದಾಗ, ಏರು ಬಂದಾಗ
ಸ್ಟೇರಿಂಗಿಗೆ ಅವನ ಎರಡೂ ಕೈ ಬೇಕು;
ಗೇರಿನ ಕೋಲನ್ನು ಒತ್ತಿ ಹಿಡಿದು ಕೂರಲು
ಇನ್ನೊಬ್ಬರು ಬೇಕು,
ಮೈಲಿಗಟ್ಟಲೆ.

ಪಾತ್ರೆ ತೊಳೆದಿಟ್ಟು, ಕೈ ಒರೆಸಿಕೊಂಡು,
ಏನೂ ತಿಳಿಯದವಳ ಹಾಗೆ ಕೇಳಿದೆ:
‘ಅಲ್ಲಾ,
ಮೊದಲನೇ ರಾತ್ರಿ ಎಲ್ಲಿ ಅಂದೆ?’