ರೈಟ್

ಕುಂಸಿ ದಾಟಿ ಎರಡನೇ ತಿರುವಿನಲ್ಲಿ
ಎಮ್ಮೆಯೊಂದು ಮನಸ್ಸು ಬದಲಾಯಿಸಿತು.
ತಿಮ್ಮೇಶಣ್ಣ ಬ್ರೇಕ್ ಒತ್ತಿದ.
ಬಸ್ಸು ನಿಂತಿತು, ನಾನು ನಿಲ್ಲಲಿಲ್ಲ.
ಮೇಲಿನ ಸರಳು ಹಿಡಿದ ಬಲಗೈ ಅಲ್ಲೇ ಉಳಿಯಿತು,
ಮಿಕ್ಕ ಜೆಸಿಂತಾ
ಡ್ರೈವರ್ ಸೀಟಿನ ತನಕ ಹೋಗಿ ಬಂದಳು.
ಒಳಗೆ ಏನೋ ಹರಿಯಿತು,
ಟಿಕೆಟ್ ಹರಿದಷ್ಟೇ ಸದ್ದು.

ಆಮೇಲೆ ಐದು ತಿಂಗಳು
ಎಣ್ಣೆ, ಬಿಸಿನೀರಿನ ಚೀಲ, ಎಳೆಯುವ ರಬ್ಬರು ಪಟ್ಟಿ,
ಆನಂದಪುರದ ಮೂಳೆ ಕೂರಿಸುವವನ ಹಸಿರು ಲೇಪ.
ಜಡೆ ಹಾಕಲು ಮಗಳನ್ನು ಎಬ್ಬಿಸಬೇಕು.
ರಾತ್ರಿ ಬಲಮಗ್ಗುಲಿಗೆ ಹೊರಳಿದರೆ
ಗೇರು ಬೀಳದ ಹಳೇ ಗಾಡಿಯ ಹಾಗೆ
ಕೀಲು ಕರಕರ.

ಸ್ಕ್ಯಾನ್ ಆಯಿತು.
ಭುಜದ ಗುಳಿಯ ಸುತ್ತ ಲ್ಯಾಬ್ರಮ್ ಅಂತ
ಒಂದು ಮೆತ್ತನೆಯ ಅಂಚು ಇದೆಯಂತೆ, ಅದು ಕಿತ್ತಿದೆಯಂತೆ.
ನಲವತ್ತಮೂರು ವರ್ಷ ನನ್ನೊಳಗೇ ಪ್ರಯಾಣ ಮಾಡಿದೆ,
ಒಮ್ಮೆಯೂ ಹೆಸರು ಹೇಳಿಲ್ಲ.

ಹೊಲಿಯುವವರು ಯಾರು?
ಸಾಗರದ ಬಸ್ಸಿನಲ್ಲಿ ಇಂಥದ್ದನ್ನು ಕೇಳಬಾರದು.
ಕೇಳಿದೆ.
ದುರ್ಗಿಗುಡಿಯಲ್ಲಿ ಒಬ್ಬರಿದ್ದಾರೆ, ಕೈ ಹೂವಿನ ಹಾಗೆ,
ಎಂದಿತು ಮೂರನೇ ಸೀಟು.
ಹೂವೂ ಇಲ್ಲ ಗೀವೂ ಇಲ್ಲ, ನಮ್ಮ ಭಾವನ ಮಂಡಿ ನೋಡು ಬಾ,
ಎಂದಿತು ಅದರ ಹಿಂದಿನದು.
ಮಣಿಪಾಲಕ್ಕೆ ಹೋಗು, ಎಂದರು ಕಿಟಕಿ ಪಕ್ಕದವರೆಲ್ಲ.
ಚಾಕು ಮುಟ್ಟಿಸಬೇಡ, ಎಂದಳು ಮೀನಿನ ಬುಟ್ಟಿಯ ಗುಲ್ಜಾರ್‌ಬಿ,
ಮುಟ್ಟಿಸಿದರೆ ಮಳೆ ಬರೋದು
ಮೋಡಕ್ಕಿಂತ ಮೊದಲು ನಿನಗೇ ಗೊತ್ತಾಗುತ್ತೆ.

ಚಿಲ್ಲರೆ ಬಾಕಿ ಬರೆಯುವ ಹಾಗೆ
ಟಿಕೆಟಿನ ಬೆನ್ನಿಗೆ ಹೆಸರು ಬರೆದುಕೊಂಡೆ.
ಒಂಬತ್ತು ಟಿಕೆಟು.

ವಾರದ ರಜೆಗೆ ಒಬ್ಬೊಬ್ಬರು.
ಮೊದಲಿನವರು ಫಿಲ್ಮು ನೋಡಿದರು, ನನ್ನನ್ನು ನೋಡಲಿಲ್ಲ.
ನಾಡಿದ್ದೇ ಮಾಡೋಣ, ಕ್ಯಾಷಾ ಕಾರ್ಡಾ?
ಸವಳಂಗ ರಸ್ತೆಯವರ ಗೋಡೆ ತುಂಬ
ಶಾಲು ಹೊದ್ದ ಫೋಟೋ.
ಇಂಥದ್ದು ಎಷ್ಟು ಮಾಡಿದ್ದೀರಿ ಸಾರ್?
ಲೆಕ್ಕ ಯಾರಿಡ್ತಾರಮ್ಮ.
ಕೆಟ್ಟದ್ದು?
ನಕ್ಕರು. ಒಂದೂ ಇಲ್ಲ.
ಹತ್ತೊಂಬತ್ತು ವರ್ಷದ ಕಂಡಕ್ಟರ್ ನಾನು.
ದಿನದ ಕೊನೆಗೆ ಒಂದು ರೂಪಾಯಿಯೂ
ಹೆಚ್ಚುಕಡಿಮೆಯಾಗದ ಚೀಲವನ್ನು
ಡಿಪೋದಲ್ಲಿ ಯಾವತ್ತೂ ಕಂಡಿಲ್ಲ.

ಏಳನೇ ಟಿಕೆಟು. ಜೈಲು ರಸ್ತೆ, ಔಷಧಿ ಅಂಗಡಿಯ ಮಹಡಿ.
ಡಾಕ್ಟರ್ ಗಿರಿಧರ ಶಾನುಭೋಗ.
ಯಾವ ಭುಜ, ಎಂದರು.
ರೈಟ್, ಎಂದೆ, ಅಭ್ಯಾಸಬಲ, ಸ್ವಲ್ಪ ಜೋರಾಗಿಯೇ.
ಯಾವ ಬಸ್ಸೂ ಹೊರಡಲಿಲ್ಲ.

ಅವರು ಫಿಲ್ಮು ಪಕ್ಕಕ್ಕಿಟ್ಟರು.
ಬಸ್ಸು ಹೋಗ್ತಾ ಇದೆ, ಟಿಕೆಟ್ ಕೊಡಿ ನೋಡೋಣ.
ಇಲ್ಲಾ?
ಇಲ್ಲೇ. ಆಯನೂರು ಒಂದು.
ಎದ್ದು ನಿಂತು ಇಲ್ಲದ ಸರಳಿಗೆ ಕೈ ಎತ್ತಿದೆ.
ಕಿವಿಯ ಮಟ್ಟಕ್ಕೆ ಬಂದು ಕೈ ತಡೆಯಿತು.
ಅಲ್ಲಿಗೆ ಎರಡು ಬೆರಳಿಟ್ಟರು.
ಅಲ್ಲೇ ಇತ್ತು.

ಇಂಥದ್ದು ನಲವತ್ತೊಂದು ಮಾಡಿದ್ದೇನೆ,
ಎಂದರು, ನಾನು ಕೇಳುವ ಮೊದಲೇ.
ಮೂರು ಮತ್ತೆ ಸಡಿಲವಾದವು.
ಒಂದು ಬಿಗಿದುಕೊಂಡೇ ಉಳಿಯಿತು, ಮಾಸ್ತರರು,
ಬೋರ್ಡಿನ ಮೇಲ್ತುದಿ ಅವರಿಗೆ ಇನ್ನೂ ಎಟುಕುವುದಿಲ್ಲ.
ನಿಮ್ಮದು ಆರು ವಾರ ಜೋಳಿಗೆಯಲ್ಲಿ ಕೈ,
ಆರು ತಿಂಗಳು ಸರಳಿನ ಸುದ್ದಿ ಬೇಡ,
ಆಮೇಲೂ ಮೊದಲಿನ ಹಾಗೇ ಏಳುತ್ತದೆ ಅಂತ
ಬರೆದುಕೊಡಲಾರೆ.

ಉಳಿದೆರಡು ಟಿಕೆಟನ್ನು
ಅವರ ಕಸದ ಬುಟ್ಟಿಗೇ ಹಾಕಿದೆ.

ಬರುವ ಬುಧವಾರ.
ಭಯ ಇದೆ.
ಇವತ್ತಿನದು ಸದ್ಯಕ್ಕೆ ಕೊನೆಯ ಟ್ರಿಪ್ಪು.
ಬಾಗಿಲ ಬಳಿಯ ಸರಳಿನಲ್ಲಿ ಗೇಣುದ್ದ
ಬಣ್ಣ ಹೋಗಿ ಕಬ್ಬಿಣ ಹೊಳೆಯುತ್ತದೆ, ಬಲಗೈಯ ಜಾಗ.
ಎಡಗೈ ಇಟ್ಟೆ. ಬೇರೆಯವರ ಮನೆಯ ಬಾಗಿಲು ಮುಟ್ಟಿದ ಹಾಗಾಯಿತು.

ಎಡಗೈಯಲ್ಲಿ ಬರೆದ ಬಾಕಿ
ಏಳೋ ಒಂದೋ ಎಂದು
ಆಯನೂರಿನ ಹುಡುಗ ಜಗಳಕ್ಕೆ ನಿಂತ.
ಏಳೇ ಕೊಟ್ಟೆ.
ಎಲ್ಲರೂ ಇಳಿದಾಗಿತ್ತು, ಹತ್ತುವವರು ಹತ್ತಾಗಿತ್ತು.
ತಿಮ್ಮೇಶಣ್ಣ ಕನ್ನಡಿಯಲ್ಲಿ ನನ್ನನ್ನೇ ನೋಡುತ್ತ
ಕಾಲನ್ನು ಕ್ಲಚ್ಚಿನ ಮೇಲಿಟ್ಟುಕೊಂಡು ಕಾಯುತ್ತಿದ್ದ.