ಹೆಸರು ಬದಲಿಸಲಾಗಿದೆ

ಮಾತಿಗೆ ಮೊದಲು ಸಹಿ, ಎಂದಿದೆ ನಿಯಮ.
ಗೋಣಿಕೊಪ್ಪದ ಬಸ್‌ಸ್ಟ್ಯಾಂಡ್ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ
ನಲವತ್ತು ಒಪ್ಪಿಗೆ ಪತ್ರ ತೆಗೆಸಿದೆ.
ಸಹಿ ಬಿದ್ದದ್ದು ಒಂದಕ್ಕೇ.

ಹಾಕಿದವನು ದಲ್ಲಾಳಿ.
ಕಾಫಿ ಕಣದ ಅಂಚಿಗೆ ನನಗೊಂದು ಕುರ್ಚಿ ಹಾಕಿಸಿ
ಒಣಗುವ ಹಣ್ಣನ್ನು ಬರಿಗಾಲಲ್ಲಿ ಕೆದಕುತ್ತ ಹೇಳಿದ:
"ನನ್ನ ಹೆಸರು ಯಾಕೆ ಬದಲಿಸ್ತೀರಿ ಮೇಡಂ?
ದೊಡ್ಡದಾಗಿ ಹಾಕಿ. ಫೋನ್ ನಂಬರೂ ಹಾಕಿ.
ಪರ್ಮಿಟ್ ಕೊಡೋದು ಸರ್ಕಾರ,
ಅದು ಕೈಗೆ ಬರೋ ದಾರಿ ನಾನು.
ದಾರಿ ಎಲ್ಲಾದರೂ ತಪ್ಪು ಮಾಡುತ್ತಾ?"
ಬರೆದುಕೊಂಡೆ. ಮೂರನೇ ಅಧ್ಯಾಯದ ನೆತ್ತಿಯ ಮೇಲೆ
ಈಗ ಅದೇ ಕೂತಿದೆ.

ಲೆಕ್ಕವೆಲ್ಲ ಅವನಿಗೆ ಬಾಯಿಪಾಠ.
ಮೇಲೆ ಸಿಲ್ವರ್, ಅಡಿಯಲ್ಲಿ ಬೀಟೆ.
ಈ ಗೇಟಿಗಿಷ್ಟು, ಆಚೆ ಗೇಟಿಗಷ್ಟು,
ಹುತ್ತರಿ ಹತ್ತಿರವಿದ್ದರೆ ಸ್ವಲ್ಪ ಜಾಸ್ತಿ,
ಯಾರ ಮನೆಯಲ್ಲಾದರೂ ಸಾವಾದರೆ ಆ ವಾರ ಬಿಟ್ಟಿ.
"ನಮಗೂ ಮನುಷ್ಯತ್ವ ಇದೆ, ಬರ್ಕೊಳ್ಳಿ."

ಅಜ್ಜ ಕಾದ ಮರ, ಮೊಮ್ಮಗನ ಬಾಣೆ,
ಬೆಲೆ ಮಾತ್ರ ಸರ್ಕಾರದ್ದು.
ಕಡಿಯಲು ಅರ್ಜಿ ಕೊಟ್ಟವನ ಚಪ್ಪಲಿ
ಮರಕ್ಕಿಂತ ಮೊದಲು ಉರುಳುತ್ತದೆ.
ಇದಕ್ಕೆ ನನ್ನ ಶಾಸ್ತ್ರದ ಪದ: ಅನೌಪಚಾರಿಕ ಆಡಳಿತ.
ಅವನ ಪದ: ಹೊಂದಾಣಿಕೆ.
ಅವನದು ಚಿಕ್ಕದು. ಕೆಲಸಕ್ಕೂ ಬರುತ್ತದೆ.

ಸಹಿ ಹಾಕದವರಲ್ಲಿ ಒಬ್ಬ ವಾಚರ್.
ಹದಿನೇಳು ವರ್ಷದಿಂದ ತಾತ್ಕಾಲಿಕ.
ತಿತಿಮತಿಯ ಆಚೆ ಗೇಟಿನ ಕಂಬ
ಎತ್ತುವವನು, ಇಳಿಸುವವನು.
ಒಂದು ರಾತ್ರಿ ಇಳಿಸಿದ್ದನ್ನು ಎತ್ತಲಿಲ್ಲ.
ಅಷ್ಟೇ.
ಲಾರಿ ಅರ್ಧ ಗಂಟೆ ಹಾರನ್ ಹೊಡೆಯಿತು,
ಆಮೇಲೆ ಒಂದು ಜೀಪು ಬಂತು.

ಬೆಳಗಾಗುವಾಗ ಅವನ ಮಂಡಿ ಮುರಿದಿತ್ತು.
ಪುಸ್ತಕದಲ್ಲಿ ಬರೆದದ್ದು: ಕಾಡಾನೆ.
"ಆನೆ ಅಂದರೆ ಪರಿಹಾರ ಬರುತ್ತೆ, ಯೋಚಿಸು" ಎಂದರಂತೆ.
ಬಂತು ಕೂಡ.
ಅರ್ಜಿ ಬರೆದುಕೊಟ್ಟವನು ನಮ್ಮ ದಾರಿಯೇ.

ಹೇಳಿ ಮುಗಿಸಿ ರೆಕಾರ್ಡರಿನ ಕೆಂಪು ಚುಕ್ಕಿ ನೋಡಿದ.
"ಇದು ಆರುತ್ತಾ?"
ಆರಿಸಿದೆ.

ಲಾಡ್ಜಿನ ಅಲುಗಾಡುವ ಮೇಜಿನಲ್ಲಿ ಅವನಿಗೊಂದು ಹೆಸರಿಟ್ಟೆ, ಮಣಿಯ.
ಗೈಡ್ ಓದಿ ಕೇಳಿದರು: ಹೆಸರೇನೋ ಸರಿ,
ಆ ಗೇಟಿನಲ್ಲಿ ಕುಂಟುವವರು ಎಷ್ಟು ಮಂದಿ?
ಕುಂಟನ್ನು ತೆಗೆದೆ.
ಗೇಟನ್ನು ತೆಗೆದೆ.
ಹದಿನೇಳು ವರ್ಷ, ಹಲವು ವರ್ಷವಾಯಿತು.
ಕೊನೆಗೆ ಆನೆಯನ್ನೂ ಅಳಿಸಿದೆ;
ಜೀಪಿನಲ್ಲಿ ಬಂದ ಆನೆ ಜಿಲ್ಲೆಗೆಲ್ಲ ಅದೊಂದೇ.
ಉಳಿದದ್ದು:
ಮಾಹಿತಿದಾರ ೨೩, ಗಂಡು, ನಡುವಯಸ್ಸು.

ಹೀಗೆ ಅವನನ್ನು ಕಾಪಾಡಿದೆ.
ಜೀಪಿನವರೂ ಕೇಳಿದ್ದು ಅಷ್ಟೇ ತಾನೆ,
ಆ ರಾತ್ರಿ ಅಲ್ಲಿ ಯಾರೂ ಇರಲಿಲ್ಲ ಎಂದು.

ಇನ್ನೊಂದು ಮಾತಿದೆ, ಹೇಳಿಬಿಡುತ್ತೇನೆ.
ಕಾಡಿನೊಳಗೆ ಓಡಾಡಲು ನನಗೂ ಪರ್ಮಿಟ್ ಬೇಕಿತ್ತು.
ಮಡಿಕೇರಿಯಲ್ಲಿ ನನ್ನ ಫೈಲು ಮೂರು ತಿಂಗಳು
ಯಾವುದೋ ಫೈಲಿನಡಿ ಮಲಗಿತ್ತು.
ಅಡಿಯಲ್ಲಿ ಬೀಟೆ.
ಒಂದು ಸಂಜೆ ಕಣದಲ್ಲಿ ನಿಂತೇ ಅವನು ಫೋನ್ ಮಾಡಿದ:
"ನಮ್ಮ ಮೇಡಮ್ಮೇ. ಪಾಪ, ಓದೋರು."
ಮಂಗಳವಾರ ಕಾಗದ ಕೈಗೆ ಬಂತು.
ಅವನು ಕೇಳಲಿಲ್ಲ. ನಾನು ಕೊಡಲಿಲ್ಲ.
'ನಮ್ಮ' ಎಂಬುದನ್ನು ಮಾತ್ರ ಹಿಂದಿರುಗಿಸಲಾಗಲಿಲ್ಲ.

ಪ್ರಬಂಧದಲ್ಲಿ ಬರೆದಿದ್ದೇನೆ:
'ಅಗತ್ಯ ಅನುಮತಿಗಳನ್ನು ಪಡೆಯಲಾಗಿದೆ.'
ಕರ್ಮಣಿ ಪ್ರಯೋಗ.
ಎಂಥ ಗೇಟು ಅದು! ಕರ್ತೃವನ್ನು
ಹೊದಿಕೆ ಸರಿಸಿ ನೋಡದೆ ಬಿಡುತ್ತದೆ.

ಉಳಿದ ಮೂವತ್ತೊಂಬತ್ತು ಹಾಳೆ
ವಾಚರನ ಮಗಳಿಗೆ ಕೊಟ್ಟು ಬಂದೆ.
'ನಿಮ್ಮ ಗುರುತು ಬಯಲಾಗದು' ಎಂದಿರುವ ಕಡೆ ಮಗುಚಿ
ಬೆನ್ನಿನ ಬಿಳಿಯಲ್ಲಿ ಭಾಗಾಕಾರ ಮಾಡುತ್ತಾಳೆ,
ಶೇಷ ಉಳಿದಾಗಲೆಲ್ಲ
ಅದರ ಸುತ್ತ ಒಂದು ಸೊನ್ನೆ ಎಳೆಯುತ್ತಾಳೆ,
ಪೆನ್ಸಿಲನ್ನು ಒತ್ತಿ.