ಕೆಂಪುಗಲ್ಲಿಗೆ ಗೂಟ ಇಳಿಯಂಗಿಲ್ಲ

ಚೀಲ ಎತ್ತಿ ನೋಡು ವೈಜೂ, ಒಂದೇ ಕೈಲಿ.
ಏಳಲಿಲ್ಲಂದ್ರ ಬಿಚ್ಚು, ಮತ್ತ ಎಲ್ಲಾ ಹಾಸು ಪಡಸಾಲ್ಯಾಗ.
ಮೂರನೇ ಜೋಡಿ ಅರಿವಿ ಯಾರಿಗಿ ತೋರಿಸ್ಲಾಕ?
ಕನ್ನಡಿ ತೆಗಿ. ಆ ದಪ್ಪ ಚಾದರ ಇರಲಿ.
ಚಿಂಚೋಳಿ ಅಂದ್ರ ಬಿಸಲಿಂದೇ ಸುದ್ದಿ ಹೇಳ್ತಾರ ಎಲ್ಲರೂ,
ಡಿಸೆಂಬರ ನಸುಕಿನ್ಯಾಗ
ಹಲ್ಲು ಹಲ್ಲಿಗಿ ಬಡದದ್ದು ಯಾರೂ ಹೇಳಂಗಿಲ್ಲ.

ಕಟಕ ರೊಟ್ಟಿ ಹನ್ನೆರಡು. ದಿನಕ್ಕ ಮೂರು, ನಾಕು ದಿನ.
ಬಿಳಿ ಅರಿವ್ಯಾಗ ಸುತ್ತು; ಪ್ಲಾಸ್ಟಿಕಿನ್ಯಾಗ ಬೆವರ್ತಾವ ಅವೂ.
ಅಗಸಿ ಹಿಂಡಿ, ಎರಡು ಉಳ್ಳಾಗಡ್ಡಿ, ಒಂದು ಹೆಂಟಿ ಬೆಲ್ಲ.
ಎರಡು ನಿಮಿಷದ ಶಾವಿಗಿ ಅಂತ ಕುಣೀಬ್ಯಾಡ,
ಅದಕ್ಕ ನೀರು ಬೇಕು, ಬೆಂಕಿ ಬೇಕು,
ಸಾಗವಾನಿ ಎಲಿ ಒಣಗಿ ಬೀಳೋ ಅಡವ್ಯಾಗ
ಬೆಂಕಿ ಅನ್ನೂದು ಬಾಯಾಗೂ ಬ್ಯಾಡ.

ನೀರು.
ನಕ್ಷಾದಾಗ ನೀಲಿ ಗೆರಿ ಇದ್ರ ನೀರದ ಅಂತಲ್ಲ,
ಒಂದು ಕಾಲಕ್ಕ ಇತ್ತು ಅಂತ, ಅಷ್ಟ.
ಚಂದ್ರಂಪಳ್ಳಿ ಕೆರಿ ದಾಟಿದ ಮ್ಯಾಲ
ಕುರಿ ಕಾಯವ್ರನ್ನ ಕೇಳು, ಫೋನ್ ಕೇಳಬ್ಯಾಡ.
ನಾಕು ಲೀಟರ ಹೊತ್ತುಕೋ.
ಬೆನ್ನಿಗಿ ಭಾರ ಆಯ್ತಂದ್ರ ಕುಡಿ,
ಹೊಟ್ಯಾಗ ಹೊತ್ತುಕೋ.

ಬೂಟು ಹೊಸಾದು ಹಾಕಿದ್ರ ಕಾಲು ನಿಂದಲ್ಲ ಅಂತ ತಿಳಕೋ.
ಮುಂಜಾನೆ ಒಳಗ ಕಾಲಿಡೂ ಮೊದಲ ಝಾಡಿಸು,
ಚೇಳಿಗೂ ಥಂಡಿ ಆಗ್ತದ.
ಗೇಣುದ್ದ ಕುಣಿ ತೋಡು, ನೀರಿಗಿ ನೂರು ಹೆಜ್ಜಿ ದೂರ,
ಮುಚ್ಚು. ನಾಚಿಕಿ ಊರಾಗ ಬಿಟ್ಟು ಹೋಗು,
ಕಾಗದ ಚೂರು ಮಾತ್ರ ಅಲ್ಲಿ ಬಿಟ್ಟು ಬರಬ್ಯಾಡ.

ನಿನಗ ಹ್ಯಾಂಗ ಗೊತ್ತು ಅಂತಿ.
ನಾನು, ನುಸರತ್. ಇಬ್ಬರಿಗೂ ಇಪ್ಪತ್ತಾರು ಆಗ.
ಹುಮನಾಬಾದ ಡಿಪೋದಾಗ ಟಿಕೀಟಿನ ಲೆಕ್ಕ ಬರದು ಬರದು
ಬ್ಯಾಸರಾಗಿ ಹೊಂಟಿವಿ. ಮನ್ಯಾಗ ಟ್ರೇನಿಂಗ್ ಅಂತ ಸುಳ್ಳು.
ಸೀತಾಫಲ ಕಣ್ಣು ಬಿಡೂ ಕಾಲ.
ಎಲ್ಲಿ ಹೊಡದ್ರೂ ಕೆಂಪುಗಲ್ಲು, ಡೇರೆ ಗೂಟ ಇಳಿಯಂಗಿಲ್ಲ,
ಎರಡು ಡೊಂಕಾದ್ವು, ನುಸರತನ ಹೆಬ್ಬಟ್ಟು ಜಜ್ಜಿತು.
ಸಂಜಿಗಿ ಒಂದು ಒಣಾ ಹಳ್ಳ ಸಿಕ್ಕಿತು,
ಉಸುಕು ಗಾದಿ ಹಂಗ. ಗೂಟ ಬೆಣ್ಣ್ಯಾಗ ಇಳದಂಗ ಇಳದ್ವು.
ನಕ್ಕಿವಿ. ಆಕಾಶದಾಗ ಒಂದು ತುಣುಕು ಮೋಡ ಇದ್ದಿಲ್ಲ.

ಮಳಿ ಗಡಿ ಆಚೆ ಬಿದ್ದಿತ್ತು.
ನಡುರಾತ್ರಿ, ಡಿಪೋದಾಗಿನ ಅಷ್ಟೂ ಬಸ್ಸು
ಒಂದೇ ಸಲ ಚಾಲು ಮಾಡಿದಂಥ ಸಪ್ಪಳ.
ಅಕಿ ಕೈಯಾಗ ಒಂದೇ ಬೂಟು, ನನ್ನ ಕೈಯಾಗ ರೊಟ್ಟಿ ಗಂಟು,
ದಂಡಿ ಹತ್ತಿ ನಿಂತಿವಿ. ಡೇರೆ ಹ್ಯಾಂಗ ಹೋಯ್ತು
ಅನ್ನೂದು ಕತ್ತಲ್ಯಾಗ ಕಾಣಲೂ ಇಲ್ಲ.

ಅದಕ್ಕ ಹೇಳ್ತೀನಿ, ನೆಲ ಮೆತ್ತಗದ ಅಂದ್ರ
ಯಾಕ ಮೆತ್ತಗದ ಅಂತ ಕೇಳು.
ಗೂಟ ಇಳಿಯದಿದ್ರ ಹಗ್ಗ ಬಂಡಿಗಲ್ಲಿಗಿ ಬಿಗಿ,
ಮಗ್ಗಲು ಚುಚ್ಚತದ, ಚುಚ್ಚಲಿ.
ಮತ್ತ ಮನ್ಯಾಗ ಖರೆ ಹೇಳಿ ಹೋಗು.
ಎಲ್ಲಿ ಮಲಗ್ತಿ, ಯಾವ ದಿನ ಬರ್ತಿ,
ಹಾಳ್ಯಾಗ ಬರದು ಕ್ಯಾಲೆಂಡರ ಹಿಂದ ಸಿಕ್ಕಿಸು.
ರೇಂಜರ ಆಫೀಸಿನ ಚೀಟಿನೂ ಸೈತ.
ನಮ್ಮನ್ನ ಹಳ್ಳ ಒಯ್ದಿದ್ರ
ಸೊಲ್ಲಾಪುರದ ಟ್ರೇನಿಂಗಿನ್ಯಾಗ ಹುಡುಕ್ತಿದ್ರಲ್ಲ ವೈಜೂ ನಮ್ಮವ್ರು.

ಹೊತ್ತು ಮೂಡಿದ ಮ್ಯಾಲ ಒಂದು ತಾಂಡಾ ಕಂಡಿತು.
ಸೋನಿಬಾಯಿ ಅಂತ. ಯಾರವ್ವ, ಜೋಡಿ ಗಂಡಸರಿಲ್ಲೇನು,
ಯಾವುದೂ ಕೇಳಲಿಲ್ಲ. ನುಸರತನ ಬರಿಗಾಲು ನೋಡಿದಳು,
ಒಳಗ ಹೋಗಿ ಗಂಡನ ಟಾಯರ ಚಪ್ಪಲಿ ತಂದಿಟ್ಟಳು.
"ಬರೂ ವರ್ಷ ಕೊಟ್ರಾಯ್ತು."

ಹತ್ತೊಂಬತ್ತು ಬರೂ ವರ್ಷ ಬಂದು ಹೋದ್ವು.

ನಿನ್ನ ಚೀಲದ ತಳದಾಗ ಪೇಪರ ಸುತ್ತಿದ್ದು ಅದ,
ಭಾರ ಅಂತ ಅದೊಂದು ತೆಗೀಬ್ಯಾಡ.
ತಾಂಡಾ ಅಲ್ಲೇ ಇದ್ರ ಕೊಡು. ಇರಲಿಲ್ಲಂದ್ರ ಹೊಳ್ಳಿ ತಾ,
ಗಿಡಕ್ಕ ನೇತುಹಾಕಿ ಬಂದಿ ಅಂದ್ರ ಮಾತಾಡಂಗಿಲ್ಲ ನಾ.

ಸೂಜಿ ದಾರ ಇಟ್ಟುಕೊಂಡ್ಯಾ? ಬೊಬ್ಬಿ ಎದ್ರ ಒಡೀಬ್ಯಾಡ ಲಗೂನ.